ಹಳೇ ಸ್ಕ್ಯಾನರ್, ಹೊಸ ಲಿನಕ್ಸ್: ಗುಜರಿಗೆ ಹಾಕೋ ಮುಂಚೆ ಇಷ್ಟು ನೋಡಿ

(ಧ್ವನಿ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ಸಂಚಿಕೆಯಲ್ಲಿ ಹಳೇ ಸ್ಕ್ಯಾನರ್ ಬಗ್ಗೆ ಮಾತಾಡ್ತೀನಿ. ಹತ್ತು ಹನ್ನೆರಡು ವರ್ಷದ ಹಿಂದೆ ತಂದದ್ದು, ಇಷ್ಟು ದಿನ ಚೆನ್ನಾಗೇ ನಡೆದದ್ದು, ಈಗ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ ಮೇಲೆ ಮಾತೇ ಕೇಳ್ತಿಲ್ಲ ಅನ್ನೋ ಸ್ಕ್ಯಾನರ್. ಅದನ್ನ ಗುಜರಿಗೆ ಹಾಕೋ ಮುಂಚೆ ಏನೇನು ನೋಡಬೇಕು, ಅಷ್ಟು ಕಷ್ಟಪಟ್ಟು ಯಾಕೆ ನೋಡಬೇಕು ಅನ್ನೋದು ವಿಷಯ.

ನನ್ನ ಕೆಲಸ ಕಂಪ್ಯೂಟರ್ ರಿಪೇರಿ. ಇರೋದು ಚಿತ್ರದುರ್ಗದಲ್ಲಿ. ಗಿರಾಕಿಗಳು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ಕಡೆ ಇದ್ದಾರೆ. ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಪತ್ರ ಬರಹಗಾರರು, ವಕೀಲರ ಆಫೀಸು, ಒಂದೆರಡು ಶಾಲೆ. ಎಲ್ಲಾ ಕಡೆ ಕತೆ ಒಂದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ಅದು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಕೇಳುತ್ತೆ, ಹೊಸ ಪ್ರೊಸೆಸರ್ ಕೇಳುತ್ತೆ. ನಮ್ಮ ಅಂಗಡಿಗಳಲ್ಲಿರೋ ಕಂಪ್ಯೂಟರುಗಳಿಗೆ ಅವೆರಡೂ ಇಲ್ಲ. ಹೊಸ ಕಂಪ್ಯೂಟರಿಗೆ ದುಡ್ಡೂ ಇಲ್ಲ. ಹಾಗಾಗಿ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿಕೊಳ್ತಾರೆ. ಕಂಪ್ಯೂಟರ್ ಚುರುಕಾಗುತ್ತೆ, ಪ್ರಿಂಟರ್ ತಾನಾಗೇ ಸಿಗುತ್ತೆ, ಬ್ರೌಸರ್ ನಡೆಯುತ್ತೆ. ಆಮೇಲೆ ಮೂಲೆಯಲ್ಲಿರೋ ಸ್ಕ್ಯಾನರ್ ನೆನಪಾಗುತ್ತೆ. "ಅಣ್ಣ, ಕಂಪ್ಯೂಟರ್ ಬದುಕಿತು, ಸ್ಕ್ಯಾನರ್ ಸತ್ತೋಯ್ತಲ್ಲ" ಅಂತ ಫೋನ್ ಬರುತ್ತೆ.

ಬಹಳಷ್ಟು ಸಲ ಅದು ಸತ್ತಿರಲ್ಲ. ಗಾಜು ಸರಿ ಇರುತ್ತೆ, ದೀಪ ಸರಿ ಇರುತ್ತೆ, ಒಳಗಿನ ಮೋಟರ್ ಸರಿ ಇರುತ್ತೆ. ಅದರ ಜೊತೆ ಮಾತಾಡೋ ತಂತ್ರಾಂಶ ಮಾತ್ರ ಇಲ್ಲ, ಅಥವಾ ಇದ್ದೂ ಅದಕ್ಕೆ ದಾರಿ ಸಿಕ್ಕಿಲ್ಲ. ಇವೆರಡರಲ್ಲಿ ಯಾವುದು ಅಂತ ಪತ್ತೆ ಮಾಡೋಕೆ ಹದಿನೈದು ನಿಮಿಷ ಸಾಕು.

ಹದಿನೈದು ನಿಮಿಷ ಯಾಕೆ ಕೊಡಬೇಕು? ಹಿರಿಯೂರಿನ ಒಂದು ಜೆರಾಕ್ಸ್ ಅಂಗಡಿಯ ಉದಾಹರಣೆ ಹೇಳ್ತೀನಿ. ನಮ್ಮ ಜಿಲ್ಲೆಯಲ್ಲಿ ಒಂದು ಕಡೆ ಭದ್ರಾ ಮೇಲ್ದಂಡೆ ಕಾಲುವೆ, ಇನ್ನೊಂದು ಕಡೆ ತುಮಕೂರು–ದಾವಣಗೆರೆ ಹೊಸ ರೈಲು ಮಾರ್ಗ. ಎರಡಕ್ಕೂ ರೈತರ ಜಮೀನು ಹೋಗಿದೆ. ಪರಿಹಾರ ಕೇಳೋಕೆ ಹೋದ್ರೆ ಪಹಣಿ, ಮ್ಯುಟೇಷನ್, ಕ್ರಯ ಪತ್ರ, ವಿಭಾಗ ಪತ್ರ, ವಂಶವೃಕ್ಷ ಎಲ್ಲಾ ಬೇಕು. ಅಪ್ಪ ತೀರಿಕೊಂಡು ಪೌತಿ ಖಾತೆ ಆಗಿಲ್ಲ ಅಂದ್ರೆ ಅದು ಬೇರೆ ಓಡಾಟ. ಆ ಅಂಗಡಿಗೆ ಒಬ್ಬ ಅಜ್ಜಿ ಬಂದಿದ್ರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಐವತ್ತು ವರ್ಷದ ವಿಭಾಗ ಪತ್ರ. ನಾಲ್ಕು ಮಡಿಕೆ, ಮಡಿಕೆಯಲ್ಲೇ ಹರಿದಿದೆ. "ಇದೊಂದೇ ಐತಪ್ಪ, ಇನ್ನೊಂದು ಪ್ರತಿ ಇಲ್ಲ" ಅಂದ್ರು. ಅಂಗಡಿಯವರು ಮೊಬೈಲಿನಲ್ಲಿ ಫೋಟೊ ತೆಗೆದ್ರು. ಟ್ಯೂಬ್‌ಲೈಟಿನ ನೆರಳು ಬಿತ್ತು, ಹೆಬ್ಬೆಟ್ಟಿನ ಗುರುತು ಕಪ್ಪು ಕಲೆ ಥರ ಬಂತು, ಸರ್ವೆ ನಂಬರಿನ ಒಂದು ಅಂಕಿ 3ಓ 8ಓ ಗೊತ್ತಾಗ್ತಿಲ್ಲ. ಪಕ್ಕದಲ್ಲೇ ಬಟ್ಟೆ ಮುಚ್ಚಿದ ಸ್ಕ್ಯಾನರ್ ಇತ್ತು.

ಅಲ್ಲಿ ಒಂದು ಅಂಕಿ ತಪ್ಪಾಗಿ ಓದಿದ್ರೆ ಜಮೀನೇ ಬೇರೆಯವರದ್ದು ಅಂತ ಆಗುತ್ತೆ. ತಾಲ್ಲೂಕು ಕಚೇರಿಗಳಲ್ಲಿರೋ ಹಳೇ ದಾಖಲೆಗಳನ್ನ ಸ್ಕ್ಯಾನ್ ಮಾಡೋಕೆ ಸರ್ಕಾರವೇ ಭೂ ಸುರಕ್ಷಾ ಅನ್ನೋ ಯೋಜನೆ ನಡೆಸ್ತಾ ಇದೆ, ಒಳ್ಳೇದು. ಆದರೆ ಮನೆಯ ಟ್ರಂಕಿನಲ್ಲಿರೋ ಪತ್ರವನ್ನ ಮನೆಯವರೇ ಕಾಪಾಡಿಕೊಳ್ಳಬೇಕು, ಅದಕ್ಕೆ ಊರಿನ ಜೆರಾಕ್ಸ್ ಅಂಗಡಿಯೇ ಗತಿ.

ಸರಿ, ಈಗ ಯಂತ್ರಕ್ಕೆ ಬರೋಣ. ಸ್ಕ್ಯಾನರ್ ತಯಾರಿಸಿದ ಕಂಪನಿ ಅದಕ್ಕೆ ಡ್ರೈವರ್ ಬರೆದು ಸಿಡಿಯಲ್ಲಿ ಕೊಟ್ಟಿರುತ್ತೆ. ಹೊಸ ಮಾದರಿ ಬಂದ ಮೇಲೆ ಹಳೇದಕ್ಕೆ ಡ್ರೈವರ್ ಬರೆಯೋದು ನಿಲ್ಲಿಸುತ್ತೆ. ವಿಂಡೋಸ್ 32 ಬಿಟ್‌ನಿಂದ 64 ಬಿಟ್‌ಗೆ ಹೋದಾಗ ಎಷ್ಟೋ ಸ್ಕ್ಯಾನರುಗಳು ಹೀಗೇ ಮೂಲೆ ಸೇರಿದವು. ಲಿನಕ್ಸಿನಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಸೇನ್ ಅಂತ ಒಂದು ಯೋಜನೆ ಇದೆ. ಸ್ಕ್ಯಾನರ್ ಆಕ್ಸೆಸ್ ನೌ ಈಸಿ ಅನ್ನೋದರ ಮೊದಲಕ್ಷರಗಳು. 1990ರ ದಶಕದಲ್ಲಿ ಶುರುವಾಯ್ತು, ಇವತ್ತಿಗೂ ನಡೀತಿದೆ. ಕೆಲವು ಕಂಪನಿಗಳು ಮಾಹಿತಿ ಕೊಟ್ಟವು. ಕೊಡದೇ ಇದ್ದಾಗ ಸ್ವಯಂಸೇವಕರು ಯುಎಸ್‌ಬಿ ತಂತಿಯಲ್ಲಿ ಏನು ಹೋಗುತ್ತೆ, ಏನು ಬರುತ್ತೆ ಅಂತ ನೋಡಿ ನೋಡಿ ಡ್ರೈವರ್ ಬರೆದ್ರು. ಸೇನ್‌ನಲ್ಲಿ ಒಂದೊಂದು ಚಿಪ್ ಕುಟುಂಬಕ್ಕೆ ಒಂದೊಂದು ಬ್ಯಾಕೆಂಡ್ ಇರುತ್ತೆ. ಬ್ಯಾಕೆಂಡ್ ಅಂದ್ರೆ ಇಲ್ಲಿ ಡ್ರೈವರ್ ಅಂತಲೇ ತಿಳ್ಕೊಳ್ಳಿ.

ನಮ್ಮ ಕಡೆ ಹೆಚ್ಚು ಕಾಣೋದು ಕ್ಯಾನನ್ ಲೈಡ್ ಸರಣಿ. ಅದರಲ್ಲಿ ಲೈಡ್ 20, 25, 30 ಇವಕ್ಕೆ ಪ್ಲಸ್‌ಟೆಕ್ ಅನ್ನೋ ಬ್ಯಾಕೆಂಡ್. ಲೈಡ್ 100, 110, 200, 210 ಇವಕ್ಕೆ ಜೆನೆಸಿಸ್ ಅನ್ನೋ ಬ್ಯಾಕೆಂಡ್. ಎರಡೂ ಸೇನ್ ಜೊತೆಗೇ ಬರ್ತವೆ, ಬೇರೆ ಸಿಡಿ ಬೇಡ. ಸೇನ್ ಜಾಲತಾಣದಲ್ಲಿ ಎಲ್ಲಾ ಮಾದರಿಗಳ ಪಟ್ಟಿ ಇದೆ. ಪ್ರತಿ ಮಾದರಿಯ ಮುಂದೆ ಕಂಪ್ಲೀಟ್, ಗುಡ್, ಬೇಸಿಕ್, ಮಿನಿಮಲ್, ಅನ್‌ಟೆಸ್ಟೆಡ್, ಅನ್‌ಸಪೋರ್ಟೆಡ್ ಅಂತ ಬರೆದಿರ್ತಾರೆ. ಕಂಪ್ಲೀಟ್, ಗುಡ್ ಅಂದ್ರೆ ಧೈರ್ಯವಾಗಿ ಕೂತ್ಕೊಳ್ಳಿ. ಅನ್‌ಸಪೋರ್ಟೆಡ್ ಅಂದ್ರೆ ಸಮಯ ಹಾಳು ಮಾಡಬೇಡಿ.

ಈಗ ಮೂರು ಪ್ರಶ್ನೆ. ಇದೇ ಕ್ರಮದಲ್ಲಿ ಕೇಳಬೇಕು.

ಮೊದಲನೇದು, ಕಂಪ್ಯೂಟರಿಗೆ ಯಂತ್ರ ಕಾಣ್ತಾ ಇದೆಯಾ? ಟರ್ಮಿನಲ್ ತೆರೆದು ಎಲ್ ಎಸ್ ಯು ಎಸ್ ಬಿ ಅಂತ ಟೈಪ್ ಮಾಡಿ. ಎಲ್ಲಾ ಚಿಕ್ಕಕ್ಷರ, ಮಧ್ಯೆ ಜಾಗ ಇಲ್ಲ. ಯುಎಸ್‌ಬಿಗೆ ಚುಚ್ಚಿರೋ ಎಲ್ಲದರ ಪಟ್ಟಿ ಬರುತ್ತೆ. ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತೆ. ಕ್ಯಾನನ್ ಆದ್ರೆ ಸೊನ್ನೆ ನಾಲ್ಕು ಎ ಒಂಬತ್ತು ಅಂತ ಶುರು, ಆಮೇಲೆ ಮಾದರಿಯ ಸಂಖ್ಯೆ. ಲೈಡ್ 110 ಆದ್ರೆ 1909. ಪಟ್ಟಿಯಲ್ಲಿ ಕಾಣಲಿಲ್ಲ ಅಂದ್ರೆ ಡ್ರೈವರ್ ಬಗ್ಗೆ ಯೋಚನೆ ಮಾಡೋದೇ ಬೇಡ. ತಂತಿ ಬದಲಿಸಿ, ಪೋರ್ಟ್ ಬದಲಿಸಿ. ಲೈಡ್ ಥರದವು ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ತವೆ. ಮುಂದಿನ ಪೋರ್ಟಿಗೆ ಉದ್ದದ ತಂತಿ ಹಾಕಿದ್ರೆ ಸಾಲೋದಿಲ್ಲ, ಹಿಂದಿನ ಪೋರ್ಟಿಗೆ ನೇರವಾಗಿ ಹಾಕಿ. ಕೆಲವು ಹಳೇ ಯಂತ್ರಗಳಿಗೆ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಒಗ್ಗಲ್ಲ. ಕಪ್ಪು ಬಣ್ಣದ ಯುಎಸ್‌ಬಿ 2 ಪೋರ್ಟ್ ಇದ್ರೆ ಅದಕ್ಕೆ ಹಾಕಿ ನೋಡಿ. ಇನ್ನೊಂದು, ಯಂತ್ರ ತಿರುಗಿಸಿ ತಳ ನೋಡಿ. ಸಾಗಿಸೋವಾಗ ಒಳಗಿನ ಪಟ್ಟಿ ಅಲ್ಲಾಡದಿರಲಿ ಅಂತ ಬೀಗದ ಗುಂಡಿ ಕೊಟ್ಟಿರ್ತಾರೆ. ಅಂಗಡಿ ಬದಲಿಸಿದಾಗ ಯಾರೋ ಅದನ್ನ ಹಾಕಿ, ತೆಗೆಯೋದು ಮರೆತಿರ್ತಾರೆ. ಆಗ ಯಂತ್ರ ಪಟ್ಟಿಯಲ್ಲಿ ಕಾಣುತ್ತೆ, ಆದರೆ ಗೊರ ಗೊರ ಅಂದು ನಿಂತುಬಿಡುತ್ತೆ.

ಎರಡನೇದು, ಕಂಡಿರೋ ಯಂತ್ರದ ಭಾಷೆ ಸೇನ್‌ಗೆ ಬರುತ್ತಾ? ಮೊದಲು ಸೇನ್-ಯುಟಿಲ್ಸ್ ಅನ್ನೋ ಪ್ಯಾಕೇಜ್ ಹಾಕ್ಕೊಳ್ಳಿ. ಆಮೇಲೆ ಸ್ಕ್ಯಾನ್ ಮತ್ತು ಇಮೇಜ್ ಎರಡೂ ಪದ ಕೂಡಿಸಿ ಬರೆದು, ಜಾಗ ಬಿಟ್ಟು, ಅಡ್ಡಗೆರೆ, ದೊಡ್ಡಕ್ಷರದ ಎಲ್. ಇದು ಎಲ್ಲಾ ಬ್ಯಾಕೆಂಡುಗಳನ್ನೂ ಕೇಳುತ್ತೆ: ಈ ಯಂತ್ರ ನಿಂದಾ, ನಿಂದಾ ಅಂತ. ಯಾವುದೋ ಒಂದು ಹೌದು ಅಂದ್ರೆ ಯಂತ್ರದ ಹೆಸರು ಬರುತ್ತೆ. ಸೇನ್-ಫೈಂಡ್-ಸ್ಕ್ಯಾನರ್ ಅನ್ನೋ ಇನ್ನೊಂದು ಆಜ್ಞೆಯೂ ಇದೆ. ಅದು ಇಲ್ಲೊಂದು ಸ್ಕ್ಯಾನರ್ ಇದ್ದಂಗಿದೆ ಅಂತ ಮಾತ್ರ ಹೇಳುತ್ತೆ, ನಡೆಸ್ತೀನಿ ಅಂತ ಹೇಳಲ್ಲ. ಜನ ಇವೆರಡನ್ನೂ ಒಂದೇ ಅಂದ್ಕೊಂಡು ಗೊಂದಲ ಮಾಡ್ಕೊಳ್ತಾರೆ.

ಮೂರನೇದು, ಅನುಮತಿ ಇದೆಯಾ? ಅದೇ ಆಜ್ಞೆಯ ಮುಂದೆ ಸುಡೋ ಸೇರಿಸಿ ನೋಡಿ. ಸುಡೋ ಹಾಕಿದಾಗ ಯಂತ್ರ ಸಿಗುತ್ತೆ, ಹಾಕದಿದ್ರೆ ಸಿಗಲ್ಲ ಅಂದ್ರೆ, ಯಂತ್ರವೂ ಸರಿ ಇದೆ, ಡ್ರೈವರೂ ಸರಿ ಇದೆ. ನಿಮ್ಮ ಖಾತೆಗೆ ಅದನ್ನ ಮುಟ್ಟೋ ಹಕ್ಕಿಲ್ಲ ಅಷ್ಟೇ. ಬಳಕೆದಾರನನ್ನ ಸ್ಕ್ಯಾನರ್ ಅನ್ನೋ ಗುಂಪಿಗೆ ಸೇರಿಸಿ, ಒಮ್ಮೆ ಲಾಗೌಟ್ ಆಗಿ ಮತ್ತೆ ಬನ್ನಿ. ಹೆಚ್ಚಿನ ಸಲ ಇಷ್ಟರಲ್ಲೇ ಬಗೆಹರಿಯುತ್ತೆ. ದಿನಾ ಸುಡೋ ಹಾಕಿ ಸ್ಕ್ಯಾನ್ ಮಾಡೋ ಅಭ್ಯಾಸ ಮಾತ್ರ ಬೇಡ. ಅದು ಮನೆಯ ಬಾಗಿಲೇ ತೆಗೆದಿಟ್ಟಂಗೆ.

ಹಿರಿಯೂರಿನ ಯಂತ್ರ ಲೈಡ್ 110. ಮೊದಲನೇ ಪ್ರಶ್ನೆಯಲ್ಲೇ ಉತ್ತರ ಸಿಕ್ತು. ಮುಂದಿನ ಪೋರ್ಟಿನಿಂದ ಹಿಂದಿನ ಪೋರ್ಟಿಗೆ ಹಾಕಿದ್ವಿ, ಜೆನೆಸಿಸ್ ತಾನಾಗೇ ಹಿಡ್ಕೊಂಡಿತು. ಅಜ್ಜಿಯ ಪತ್ರದಲ್ಲಿದ್ದ ಅಂಕಿ 8.

ಎಲ್ಲಾ ಕಡೆ ಇಷ್ಟು ಸಲೀಸಾಗಿ ಆಗಲ್ಲ. ಮೂರು ಥರದ ತೊಡಕು ಪದೇ ಪದೇ ನೋಡಿದ್ದೀನಿ.

ಒಂದು, ಫರ್ಮ್‌ವೇರ್. ಕೆಲವು ಹಳೇ ಯಂತ್ರಗಳಿಗೆ ತಮ್ಮದೇ ನೆನಪಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಒಂದು ಚಿಕ್ಕ ಫೈಲ್ ಕಳಿಸಬೇಕು, ಆಗಲೇ ಅದು ಎದ್ದು ಕೂರೋದು. ಸ್ನ್ಯಾಪ್‌ಸ್ಕ್ಯಾನ್ ಬ್ಯಾಕೆಂಡಿನ ಕೆಲವು ಎಪ್ಸನ್‌ಗಳು, ಜಿಟಿ68ಎಕ್ಸ್‌ಎಕ್ಸ್ ಬ್ಯಾಕೆಂಡಿನ ಮಸ್ಟೆಕ್‌ಗಳು ಈ ಜಾತಿ. ಆ ಫೈಲ್ ಕಂಪನಿಯ ಸ್ವತ್ತು, ಹಾಗಾಗಿ ಲಿನಕ್ಸಿನವರು ಹಂಚೋ ಹಾಗಿಲ್ಲ. ಅದು ಇರೋದು ನಿಮ್ಮ ಹಳೇ ವಿಂಡೋಸ್ ಡ್ರೈವರ್ ಸಿಡಿಯಲ್ಲಿ. ಅಲ್ಲಿಂದ ಎತ್ತಿ ಸೇನ್ ಹೇಳಿದ ಜಾಗದಲ್ಲಿ ಇಡಬೇಕು. ಜಿಟಿ68ಎಕ್ಸ್‌ಎಕ್ಸ್ ಆದ್ರೆ ಯುಎಸ್‌ಆರ್ ಒಳಗೆ ಶೇರ್, ಅದರೊಳಗೆ ಸೇನ್, ಅದರೊಳಗೆ ಅದೇ ಹೆಸರಿನ ಫೋಲ್ಡರ್. ಸ್ಕ್ಯಾನರ್ ಡಬ್ಬ ಬಿಸಾಡಿದ್ರೂ ಸಿಡಿ ಬಿಸಾಡಬೇಡಿ ಅಂತ ನಾನು ಹೇಳೋದು ಇದಕ್ಕೇ.

ಎರಡು, ಎಚ್‌ಪಿಯ ಪ್ರಿಂಟರ್-ಸ್ಕ್ಯಾನರ್ ಒಟ್ಟಿಗಿರೋ ಯಂತ್ರಗಳು. ಇವಕ್ಕೆ ಎಚ್‌ಪಿಲಿಪ್ ಅಂತ ಎಚ್‌ಪಿಯವರದ್ದೇ ಪ್ಯಾಕೇಜ್ ಇದೆ. ಕೆಲವು ಮಾದರಿಗಳಿಗೆ ಅದರ ಜೊತೆ ಪ್ಲಗಿನ್ ಕೂಡ ಬೇಕು, ಪ್ಲಗಿನ್ನಿನ ಆವೃತ್ತಿ ಪ್ಯಾಕೇಜಿನ ಆವೃತ್ತಿಗೆ ಸರಿಯಾಗಿ ಹೊಂದಬೇಕು. ಲಿನಕ್ಸ್ ಅಪ್‌ಡೇಟ್ ಆದಾಗ ಪ್ಯಾಕೇಜ್ ಮುಂದೆ ಹೋಗುತ್ತೆ, ಪ್ಲಗಿನ್ ಹಿಂದೆ ಉಳಿಯುತ್ತೆ. ನಿನ್ನೆ ನಡೀತಿತ್ತು, ಇವತ್ತು ನಿಂತೋಯ್ತು ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಎಚ್‌ಪಿ-ಪ್ಲಗಿನ್ ಆಜ್ಞೆ ಇನ್ನೊಮ್ಮೆ ಕೊಟ್ರೆ ಹೊಸದು ಬರುತ್ತೆ.

ಮೂರು, ಕಂಪನಿಯೇ ಲಿನಕ್ಸಿಗೆ ಅಂತ ಎಂದೋ ಕೊಟ್ಟ ಡ್ರೈವರ್. ಅದು ಬರೆದಾಗ ಲಿನಕ್ಸಿನ ಮನೆಯ ವಾಸ್ತು ಬೇರೆ ಇತ್ತು. ಡ್ರೈವರ್ ಹೋಗಿ ಲಿಬ್ ಅಥವಾ ಲಿಬ್64 ಫೋಲ್ಡರಿನ ಸೇನ್ ಒಳಗೆ ಕೂತ್ಕೊಳ್ಳುತ್ತೆ. ಈಗಿನ ಉಬುಂಟು, ಡೆಬಿಯನ್ ಹುಡುಕೋದು ಎಕ್ಸ್86 64 ಅಂತ ಹೆಸರಿರೋ ಇನ್ನೊಂದು ಫೋಲ್ಡರಿನಲ್ಲಿ. ಅತಿಥಿ ಹಿತ್ತಿಲ ಬಾಗಿಲಲ್ಲಿ ಕಾಯ್ತಿದ್ದಾನೆ, ಮನೆಯವರು ಮುಂದಿನ ಬಾಗಿಲಲ್ಲಿ ಕಾಯ್ತಿದ್ದಾರೆ. ಹಳೇ ಜಾಗದಿಂದ ಹೊಸ ಜಾಗಕ್ಕೆ ಒಂದು ಸಿಂಬಾಲಿಕ್ ಲಿಂಕ್ ಕೊಟ್ರೆ ಮುಗೀತು. ಆದರೆ ಡ್ರೈವರ್ 32 ಬಿಟ್‌ನದ್ದೇ ಆಗಿದ್ರೆ, 64 ಬಿಟ್ ಸೇನ್ ಅದನ್ನ ಎತ್ತಿಕೊಳ್ಳಲ್ಲ. ಅಂಥ ಕಡೆ ಲಿಂಕ್ ಕೊಟ್ಟು ಪ್ರಯೋಜನ ಇಲ್ಲ.

ಹೊಸದುರ್ಗದ ಒಬ್ಬ ನಿವೃತ್ತ ಮೇಷ್ಟ್ರದ್ದು ಫರ್ಮ್‌ವೇರ್ ಕತೆ. ಅವರಿಗೆ ಲಿನಕ್ಸ್ ಹೊಸದಲ್ಲ. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಹೈಸ್ಕೂಲ್ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆ ಅಂತ ತರಬೇತಿ ನಡೆಸಿದ್ರಲ್ಲ, ಅಲ್ಲೇ ಉಬುಂಟು ಕಲಿತವರು. ಅವರ ಹತ್ತಿರ ಏಳು ನೋಟ್‌ಬುಕ್ ಇವೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಓಡಾಡಿ, ಹೆಂಗಸರು ಹಾಡಿದ ಪದಗಳನ್ನ ಕೈಯಲ್ಲೇ ಬರ್ಕೊಂಡದ್ದು. ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ಹೆಸರು ನಿಮಗೆ ಗೊತ್ತಿರುತ್ತೆ. ಅವರು ಹಾಡಿದ್ದನ್ನ ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ್ರು, ಅಚ್ಚಾಯ್ತು, ನಾಡಿಗೆ ಗೊತ್ತಾಯ್ತು. ಮೇಷ್ಟ್ರ ನೋಟ್‌ಬುಕ್ಕಿನ ಹಾಡುಗಾರ್ತಿಯರಿಗೆ ಆ ಯೋಗ ಬಂದಿಲ್ಲ. ಅವರಲ್ಲಿ ಹೆಚ್ಚಿನವರು ಈಗಿಲ್ಲ. ಉಳಿದಿರೋದು ಆ ನೋಟ್‌ಬುಕ್ ಮಾತ್ರ, ಅದಕ್ಕೂ ಗೆದ್ದಲು ಹತ್ತಿದೆ.

"ಹೊಸ ಸ್ಕ್ಯಾನರ್ ತಗೊಳ್ಳಿ ಸಾರ್, ಈಗ ಅಗ್ಗ" ಅಂತ ಅವರಿಗೆ ಎಲ್ಲರೂ ಹೇಳಿದ್ರು. ಇಲ್ಲೊಂದು ಸೂಕ್ಷ್ಮ ಇದೆ. ಈಗ ಅಗ್ಗಕ್ಕೆ ಸಿಗೋ ತೆಳ್ಳನೆ ಸ್ಕ್ಯಾನರುಗಳಲ್ಲಿ ಇರೋದು ಸಿಐಎಸ್ ಸೆನ್ಸರ್. ಕಾಗದ ಗಾಜಿಗೆ ಅಂಟಿದ್ರೆ ಸೊಗಸಾಗಿ ಬರುತ್ತೆ, ಸ್ವಲ್ಪ ಮೇಲೆದ್ರೆ ಮಸುಕಾಗುತ್ತೆ. ಹೊಲಿಗೆ ಹಾಕಿದ ನೋಟ್‌ಬುಕ್ ತೆರೆದಿಟ್ಟಾಗ ನಡುವಿನ ಭಾಗ ಗಾಜಿನಿಂದ ಮೇಲೆದ್ದಿರುತ್ತೆ, ಅಲ್ಲಿನ ಅಕ್ಷರ ಹೋಗಿಬಿಡುತ್ತೆ. ಹಳೇ ಕಾಲದ ದಪ್ಪ ಸ್ಕ್ಯಾನರುಗಳಲ್ಲಿ ಕನ್ನಡಿ, ಮಸೂರ ಇಟ್ಟು ಸಿಸಿಡಿ ಸೆನ್ಸರ್ ಹಾಕಿರ್ತಾರೆ. ಅದು ಗಾಜಿನಿಂದ ಸ್ವಲ್ಪ ಎತ್ತರ ಇರೋದನ್ನೂ ಸ್ಪಷ್ಟವಾಗಿ ಹಿಡಿಯುತ್ತೆ. ಅಂದ್ರೆ ಹೊಲಿದ ಪುಸ್ತಕಕ್ಕೆ, ಮಡಿಕೆ ಬಿದ್ದ ಪತ್ರಕ್ಕೆ ಆ ಹಳೇ ದಪ್ಪ ಯಂತ್ರವೇ ವಾಸಿ. ಮೇಷ್ಟ್ರದ್ದು ಸಿಸಿಡಿ ಯಂತ್ರ. ಸಿಡಿ ಬೀರುವಿನಲ್ಲಿ ಸಿಕ್ತು, ಫರ್ಮ್‌ವೇರ್ ಫೈಲ್ ಎತ್ತಿ ಇಟ್ವಿ, ಒಂದು ನಿಮಿಷ ದೀಪ ಬಿಸಿಯಾದ ಮೇಲೆ ಸ್ಕ್ಯಾನ್ ಶುರುವಾಯ್ತು. ಈಗ ಮೂರು ನೋಟ್‌ಬುಕ್ ಮುಗಿದಿವೆ.

ಹೊಳಲ್ಕೆರೆಯ ಒಬ್ಬ ಪತ್ರ ಬರಹಗಾರರ ಕಚೇರಿಯಲ್ಲಿ ಮೂರು ಕಂಪ್ಯೂಟರ್, ಒಂದೇ ಸ್ಕ್ಯಾನರ್. ತಂತಿ ಕಿತ್ತು ಕಿತ್ತು ಹಾಕಿ ಯುಎಸ್‌ಬಿ ತೂತು ಸಡಿಲ ಆಗಿತ್ತು. ಸೇನ್ ಜೊತೆ ಸೇನ್‌ಡಿ ಅನ್ನೋ ಸೇವೆ ಇದೆ. ಒಂದು ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಅದರಲ್ಲಿ ಈ ಸೇವೆ ನಡೆಸಿದ್ರೆ, ಉಳಿದ ಲಿನಕ್ಸ್ ಕಂಪ್ಯೂಟರುಗಳು ನೆಟ್‌ವರ್ಕ್ ಮೂಲಕ ಅದೇ ಸ್ಕ್ಯಾನರ್ ಬಳಸಬಹುದು. ಹಳೇ ಯಂತ್ರಕ್ಕೆ ವೈಫೈ ಬಂದಂಗೆ. ಆದರೆ ಇದನ್ನ ಕಚೇರಿಯ ಒಳಗಿನ ನೆಟ್‌ವರ್ಕಿಗಷ್ಟೇ ಬಿಡಿ. ಹೋಗೋ ಮಾಹಿತಿಗೆ ಗುಪ್ತ ಲಿಪಿ ಇರಲ್ಲ, ಹೊರಗಿನ ಇಂಟರ್ನೆಟ್ಟಿಗೆ ತೆರೆಯಬಾರದು.

ಯಂತ್ರ ನಡೆದ ಮೇಲೆ ಹೇಗೆ ಸ್ಕ್ಯಾನ್ ಮಾಡಬೇಕು ಅನ್ನೋದೂ ಮುಖ್ಯ. ಉಬುಂಟುವಿನಲ್ಲಿ ಡಾಕ್ಯುಮೆಂಟ್ ಸ್ಕ್ಯಾನರ್ ಅನ್ನೋ ಸರಳ ತಂತ್ರಾಂಶ ಇದೆ. ಅದರಲ್ಲಿ ಟೆಕ್ಸ್ಟ್ ಅನ್ನೋ ಆಯ್ಕೆ ಬದಲು ಇಮೇಜ್ ಆಯ್ಕೆ ಇಟ್ಕೊಳ್ಳಿ. ಬರೀ ಕಪ್ಪು ಬಿಳುಪು ಮಾಡಿದ್ರೆ ಹೆಬ್ಬೆಟ್ಟು, ಮೊಹರು, ಮಾಸಿದ ಶಾಯಿ ಎಲ್ಲಾ ಕಲೆಯಾಗಿಬಿಡ್ತವೆ. 300 ಡಿಪಿಐ ಸಾಕು. ಎ4 ಹಾಳೆಗೆ ಅದು ಸುಮಾರು 87 ಲಕ್ಷ ಚುಕ್ಕಿ ಆಗುತ್ತೆ. 600 ಇಟ್ರೆ ನಾಲ್ಕು ಪಟ್ಟು ಫೈಲ್, ಪತ್ರ ಓದೋಕೆ ನಾಲ್ಕು ಪಟ್ಟು ಲಾಭ ಮಾತ್ರ ಇಲ್ಲ. ಛಾಪಾ ಕಾಗದ ಎ4ಗಿಂತ ಉದ್ದ. ಸ್ಕ್ಯಾನರಿನ ಗಾಜು 29.7 ಸೆಂಟಿಮೀಟರ್, ಲೀಗಲ್ ಹಾಳೆ 35.6. ಮಡಚಿ ತುರುಕಬೇಡಿ. ಮೇಲಿನ ಭಾಗ ಒಂದು ಸಲ, ಕೆಳಗಿನ ಭಾಗ ಒಂದು ಸಲ, ನಡುವೆ ನಾಲ್ಕು ಸಾಲು ಎರಡರಲ್ಲೂ ಬರೋ ಹಾಗೆ ಮಾಡಿ. ಮೂಲ ಸ್ಕ್ಯಾನ್ ಬೇರೆ ಇಡಿ, ಅರ್ಜಿ ಹಾಕೋ ಜಾಲತಾಣ ಕೇಳಿದ ಅಳತೆಗೆ ಕುಗ್ಗಿಸಿದ್ದು ಬೇರೆ ಇಡಿ. ಕುಗ್ಗಿಸಿದ್ದನ್ನ ಮತ್ತೆ ಹಿಗ್ಗಿಸೋಕೆ ಆಗಲ್ಲ.

ಅಚ್ಚಾದ ಕನ್ನಡ ಪುಟ ಆದ್ರೆ ಟೆಸರಾಕ್ಟ್ ಅನ್ನೋ ಉಚಿತ ತಂತ್ರಾಂಶ ಚಿತ್ರದಿಂದ ಅಕ್ಷರ ಎತ್ತಿಕೊಡುತ್ತೆ, ಕನ್ನಡದ ಪ್ಯಾಕೇಜ್ ಬೇರೆ ಹಾಕ್ಕೊಬೇಕು. ಒತ್ತಕ್ಷರದಲ್ಲಿ ಎಡವುತ್ತೆ, ಕೂತು ತಿದ್ದಬೇಕು. ಕೈಬರಹಕ್ಕೆ ಅದನ್ನ ನಂಬಬೇಡಿ. ಮೇಷ್ಟ್ರು ತಮ್ಮ ನೋಟ್‌ಬುಕ್ಕನ್ನ ಚಿತ್ರವಾಗೇ ಇಟ್ಟು, ಪಕ್ಕದಲ್ಲಿ ಯೂನಿಕೋಡ್‌ನಲ್ಲಿ ತಾವೇ ಟೈಪ್ ಮಾಡ್ತಿದ್ದಾರೆ.

ಯಾವಾಗ ಕೈ ಬಿಡಬೇಕು ಅಂತಲೂ ಹೇಳ್ತೀನಿ. ಸೇನ್ ಪಟ್ಟಿಯಲ್ಲಿ ಅನ್‌ಸಪೋರ್ಟೆಡ್ ಅಂತ ಇದ್ರೆ, ದುಡ್ಡು ಕೊಟ್ಟು ಕೊಳ್ಳೋ ವ್ಯೂಸ್ಕ್ಯಾನ್ ಅನ್ನೋ ತಂತ್ರಾಂಶ ಇದೆ. ಅದು ಎಷ್ಟೋ ಹಳೇ ಮಾದರಿಗಳನ್ನ ತಾನೇ ನಡೆಸುತ್ತೆ. ಮೊದಲು ಪ್ರಾಯೋಗಿಕ ಆವೃತ್ತಿ ಹಾಕಿ ನೋಡಿ, ಕೆಲಸ ಮಾಡಿದ್ರೆ ಮಾತ್ರ ದುಡ್ಡು ಕೊಡಿ. ಅದೂ ಆಗಲಿಲ್ಲ ಅಂದ್ರೆ ಹಳೇ ವಿಂಡೋಸ್ ಇರೋ ಒಂದು ಕಂಪ್ಯೂಟರನ್ನ ಇಂಟರ್ನೆಟ್ ಕಿತ್ತು ಸ್ಕ್ಯಾನಿಗೆ ಅಂತಲೇ ಇಡಬಹುದು. ದೀಪ ಹೋಗಿದ್ರೆ, ಮೋಟರ್ ಸುಟ್ಟಿದ್ರೆ ಮಾತ್ರ ಅದರ ಕಾಲ ಮುಗೀತು. ಆಗಲೂ ಕಸದ ಬುಟ್ಟಿಗಲ್ಲ, ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಅಂಗಡಿ ಇಟ್ಕೊಂಡಿರೋರಿಗೆ ಒಂದು ಮಾತು. ಗಿರಾಕಿಯ ಕ್ರಯ ಪತ್ರವನ್ನ ಯಾವುದೋ ಮೊಬೈಲ್ ಆಪಿಗೆ ಹಾಕಿದ್ರೆ ಅದರ ಪ್ರತಿ ಎಲ್ಲಿಗೆ ಹೋಗಿ ಕೂರುತ್ತೆ ಅಂತ ಗಿರಾಕಿಗೂ ಗೊತ್ತಿರಲ್ಲ, ನಿಮಗೂ ಗೊತ್ತಿರಲ್ಲ. ಸ್ವಂತ ಸ್ಕ್ಯಾನರ್, ಸ್ವಂತ ಕಂಪ್ಯೂಟರ್ ಆದ್ರೆ ಪತ್ರ ನಿಮ್ಮ ಅಂಗಡಿಯಲ್ಲೇ ಇರುತ್ತೆ. ಕೆಲಸ ಮುಗಿದ ಮೇಲೆ ಪೆನ್‌ಡ್ರೈವಿಗೆ ಹಾಕಿಕೊಟ್ಟು, ನಿಮ್ಮ ಕಂಪ್ಯೂಟರಿನಿಂದ ಅವರ ಎದುರಿಗೇ ಅಳಿಸಿಬಿಡಿ. ಜನ ನಿಮ್ಮ ಮೇಲೆ ನಂಬಿಕೆ ಇಟ್ಟು ಟ್ರಂಕಿನ ಪತ್ರ ಹೊರಗೆ ತೆಗೆದಿರ್ತಾರೆ.

ಬಟ್ಟೆ ಮುಚ್ಚಿಟ್ಟ ಸ್ಕ್ಯಾನರ್ ನಿಮ್ಮ ಹತ್ತಿರವೂ ಇದ್ರೆ ಈ ಭಾನುವಾರ ಧೂಳು ಒರೆಸಿ, ಹಿಂದಿನ ಪೋರ್ಟಿಗೆ ಹಾಕಿ, ಮೂರು ಪ್ರಶ್ನೆ ಕೇಳಿ ನೋಡಿ. ಮಾದರಿಯ ಹೆಸರು, ಎಲ್ ಎಸ್ ಯು ಎಸ್ ಬಿಯಲ್ಲಿ ಬಂದ ಸಂಖ್ಯೆ, ಯಾವ ಪ್ರಶ್ನೆಯಲ್ಲಿ ನಿಂತಿದೆ ಅನ್ನೋದು, ಈ ಮೂರನ್ನೂ ಬರೆದಿಟ್ಕೊಂಡ್ರೆ ರಿಪೇರಿಯವರಿಗೆ ಅರ್ಧ ಕೆಲಸ ಮುಗಿದಂಗೆ.